ಏಳು ಎಣಿಸಲು ಬಾರದ ಪೆಟ್ಟಿಗೆ

ಅಟ್ಟದಿಂದ ಇಳಿಸಿದ ತಾಳದ ಪೆಟ್ಟಿಗೆಗೆ ಕರೆಂಟು ಕೊಟ್ಟ ಕೂಡಲೇ ಮೊದಲು ಬಂದದ್ದು ವಾಸನೆ, ಆಮೇಲೆ ಸದ್ದು. ಕಾಯ್ದ ಧೂಳು, ಡಾಂಬರು ಗುಳಿಗೆ, ಇಲಿಯೊಂದು ಎಂದೋ ಅಲ್ಲಿ ಮಾಡಿ ಮುಗಿಸಿದ ಸಂಸಾರ, ಮೂರೂ ಸೇರಿದ ವಾಸನೆ ಅದು. ಪೆಟ್ಟಿಗೆ ಗುಂಯ್ ಎಂದು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಟಿಕ್ಕ ಟಕ್ಕ, ಟಿಕ್ಕ ಟಕ್ಕ ಎಂದು ಬಾರಿಸತೊಡಗಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದು ಒಂದೇ ಗುಂಡಿಗೆ ಎದ್ದು ಕೂರುವುದು ಸಾಮಾನ್ಯದ ಮಾತಲ್ಲ. ನಾನು ಮಧ್ಯಾಹ್ನ ಅರ್ಧ ತಾಸು ಮಲಗಿ ಎದ್ದರೂ ಊರು ಯಾವುದು, ಹೊತ್ತು ಯಾವುದು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಅದನ್ನು ಇಳಿಸಿದವಳು ಮೊಮ್ಮಗಳು ಪಲ್ಲವಿ. ನನ್ನ ಬಲಮಂಡಿ ಈಗೀಗ ಅಟ್ಟವಿರಲಿ, ಹೊಸ್ತಿಲು ದಾಟಲೂ ಅರ್ಜಿ ಕೇಳುತ್ತದೆ. ಪಲ್ಲವಿ ಇಲ್ಲೇ ರಾಯಚೂರಿನ ಕಾಲೇಜಿನಲ್ಲಿ ಓದುತ್ತಾಳೆ, ಓದಿಗಿಂತ ಹೆಚ್ಚಾಗಿ ಹಾಡಿಗೆ ಬೀಟ್ ಮಾಡುತ್ತಾಳೆ. ಅವಳ ಗೆಳೆಯರ ಗುಂಪಿನಲ್ಲಿ ಒಂದು ತಿಂಗಳಿಂದ ದೊಡ್ಡ ಜಗಳ ನಡೆದಿದೆ. ತಾಳ ಬಾರಿಸುವ ಯಂತ್ರ ಗುಂಡಿ, ತಿರುಪು ಎಲ್ಲ ಇರುವ ಪೆಟ್ಟಿಗೆಯಾಗಿಯೇ ಇರಬೇಕು, ಬೆರಳಿಗೆ ತಾಗಬೇಕು ಎಂಬುದು ಒಂದು ಬಣದ ವಾದ. ಎಲ್ಲವೂ ಲ್ಯಾಪ್‌ಟಾಪಿನೊಳಗೇ ಇರುವಾಗ ಪೆಟ್ಟಿಗೆ ಹೊತ್ತು ತಿರುಗುವುದು ಹುಚ್ಚು ಎಂಬುದು ಇನ್ನೊಂದರದು. ಹಾರ್ಡ್‌ವೇರೋ ಸಾಫ್ಟ್‌ವೇರೋ ಎಂದು ಮಾತು ಬಿಡುವ ಹಂತಕ್ಕೆ ಬಂದಿದ್ದಾರೆ. "ಅಜ್ಜಾ, ನೀವು ಆರ್ಕೆಸ್ಟ್ರಾದಾಗ ಇದ್ರಿ. ಯಾವುದು ಛಲೋ, ನೀವೇ ಹೇಳ್ರಿ," ಎಂದಳು.

ನನ್ನ ವಯಸ್ಸಿನವರನ್ನು ಜನ ಸಕ್ಕರೆ ಎಷ್ಟಿದೆ ಎಂದು ಮಾತ್ರ ಕೇಳುತ್ತಾರೆ. ಹಾಗಿರುವಾಗ ತೀರ್ಪು ಕೇಳಿದರೆ ಉಬ್ಬದೆ ಇರಲು ಸಾಧ್ಯವೇ? ನೀವೂ ಹೀಗೆ ಬಂದು ಕೂತುಕೊಳ್ಳಿ. ನನ್ನ ಎಡಗೈಯಲ್ಲಿ ಅರ್ಧ ತಿಂದ ಶೇಂಗಾದ ಉಂಡಿ ಇದೆ, ಅದನ್ನು ನೋಡಿದಿರಿ ಎಂದು ಒಳಗೆ ಹೇಳಬೇಡಿ. ಒಳಗೆ ಎಂದರೆ ಅಡುಗೆಮನೆಯಲ್ಲಿ, ನನ್ನ ಹೆಂಡತಿ ವನಮಾಲಾಗೆ.

ಈ ಜಗಳವನ್ನು ನಾವು ನಲವತ್ತು ವರ್ಷದ ಹಿಂದೆಯೇ ಆಡಿ, ಸೋತು, ಮನೆಗೆ ಬಂದವರು.

ಎಪ್ಪತ್ತರ ದಶಕದಲ್ಲಿ ನಮ್ಮದೊಂದು ಪಾರ್ಟಿ ಇತ್ತು. ರಾಜಕೀಯದ್ದಲ್ಲ, ಹಾಡಿನದು. ಒಳಜಗಳ ಮಾತ್ರ ಎರಡಕ್ಕೂ ಸಮನಾಗಿತ್ತು. ಹೆಸರು 'ನ್ಯೂ ದೋಆಬ್ ಮ್ಯೂಸಿಕ್ ಪಾರ್ಟಿ'. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಾಡು ದೋಆಬ್ ಎಂದು ಶಾಲೆಯಲ್ಲಿ ಉರು ಹೊಡೆದದ್ದು ನಮಗೆ ಉಪಯೋಗವಾದದ್ದು ಈ ಬೋರ್ಡು ಬರೆಸುವಾಗ ಮಾತ್ರ. ಹಳೆಯ ದೋಆಬ್ ಪಾರ್ಟಿ ಯಾವುದೂ ಇರಲಿಲ್ಲ. ಆದರೆ ನ್ಯೂ ಎಂದು ಹಾಕದಿದ್ದರೆ ಜನ ನಮ್ಮನ್ನೇ ಹಳೆಯದೆಂದು ತಿಳಿಯುತ್ತಾರೆ ಎಂದು ವೆಂಕಣ್ಣಾಚಾರ್ ಹಟ ಹಿಡಿದರು.

ವೆಂಕಣ್ಣಾಚಾರ್ ನಮ್ಮ ಮುಖ್ಯ ಗಾಯಕರು, ಪಾರ್ಟಿಯ ಮಾಲೀಕರು, ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಗಣಿತದವರಾದ್ದರಿಂದ ತಾಳವೆಲ್ಲ ತಮ್ಮ ಇಲಾಖೆಗೆ ಸೇರಿದ್ದು ಎಂದುಕೊಂಡಿದ್ದರು. ಹಾಡುವಾಗ ಕೈ ನೋಡಿದರೆ ಬೋರ್ಡಿನ ಮೇಲೆ ಲೆಕ್ಕ ಒರೆಸುತ್ತಿದ್ದಾರೆ ಅನ್ನಿಸುತ್ತಿತ್ತು. ತಬಲಾಕ್ಕೆ ಚಾಂದಪಾಷಾ. ಅವನಿಗೆ ರಾಯಚೂರಿನ ಬಜಾರಿನಲ್ಲಿ ಚಪ್ಪಲಿ ಅಂಗಡಿ. ಕೈ ಬಹಳ ಚೆಲುವು, ಮಾತು ಅದಕ್ಕಿಂತ ಚೆಲುವು, ಬರುವುದು ಮಾತ್ರ ಮೂರನೆಯ ಹಾಡಿಗೆ. ಗಿರಾಕಿಯ ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ, ಇನ್ನೊಂದು ಕಾಲನ್ನು ಬಿಟ್ಟು ಹೇಗೆ ಬರಲಿ ಎಂದು ಪ್ರತಿ ಸಲವೂ ಕೇಳುತ್ತಿದ್ದ. ಹಾರ್ಮೋನಿಯಂ ನನ್ನದು. ನಾನು ಕಚೇರಿಯಲ್ಲಿ ಗುಮಾಸ್ತ. ಅಲ್ಲಿಯೂ ಬೆರಳಾಡಿಸುವುದೇ ಕೆಲಸ, ಆದರೆ ಶ್ರುತಿ ಹೊರಡುತ್ತಿರಲಿಲ್ಲ.

ತಾಲೀಮು ಮಾನ್ವಿಯಲ್ಲಿ, ವೆಂಕಣ್ಣಾಚಾರ್ರ ತಾಯಿಯ ಮನೆಯಲ್ಲಿ. ನಮ್ಮಲ್ಲಿ ಯಾರಿಗೂ ಅನುಕೂಲವಲ್ಲದ ಊರು ಎಂಬ ಕಾರಣಕ್ಕೇ ಅದನ್ನು ಆರಿಸಿದ್ದು, ಇಲ್ಲದಿದ್ದರೆ ಒಬ್ಬರಿಗೆ ಲಾಭವಾಗುತ್ತಿತ್ತಲ್ಲ. ಅಲ್ಲಿ ಒಂದು ಭಾನುವಾರ ನಾನು ಹಾರ್ಮೋನಿಯಂ ಬಿಚ್ಚಿ ಸುಮ್ಮನೆ ಸ್ವರ ಹಿಡಿದು ಕೂತಿದ್ದೆ. ಒಳಗಿನಿಂದ ಯಾರೋ ನಡೆದು ಬರುವ ಸದ್ದು. ಒಂದು ಹೆಜ್ಜೆ ಮೂರು ಎಣಿಸುವಷ್ಟು, ಇನ್ನೊಂದು ನಾಲ್ಕು ಎಣಿಸುವಷ್ಟು. ಮೂರು, ನಾಲ್ಕು. ಮೂರು, ನಾಲ್ಕು. ನನ್ನ ಬೆರಳು ನನ್ನನ್ನು ಕೇಳದೆ ಅದೇ ನಡಿಗೆಗೆ ಬಿದ್ದವು. ಅಪರೂಪಕ್ಕೆ ಹೊತ್ತಿಗೆ ಸರಿಯಾಗಿ ಬಂದಿದ್ದ ಚಾಂದಪಾಷಾ ತಬಲಾದ ಮೇಲೆ ಕೈ ಇಟ್ಟು ಏಳು ಮಾತ್ರೆಯ ಠೇಕಾ ಕೊಟ್ಟ. ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತ ಹುಡುಗಿ ನಮ್ಮಿಬ್ಬರನ್ನೂ ನೋಡಿ, "ನಿಲ್ಲಸಬ್ಯಾಡ್ರಿ. ನಿಲ್ಲಿಸಿದ್ರ ಚಹಾ ಚೆಲ್ತದ," ಎಂದಳು. ಅವಳೇ ವನಮಾಲಾ, ವೆಂಕಣ್ಣಾಚಾರ್ರ ತಂಗಿ. ಎಡಗಾಲು ಹುಟ್ಟಿನಿಂದ ತುಸು ಗಿಡ್ಡ. ಆ ಕ್ಷಣದಲ್ಲೇ ನನ್ನ ಕಥೆ ಮುಗಿಯಿತು. ಮುಗಿದದ್ದು ನನಗೆ ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಾಯಿತು, ಏಕೆಂದರೆ ನಾನು ಸರ್ಕಾರಿ ನೌಕರ.

ಅವಳ ತಾಯಿ ಅಂಬಕ್ಕನ ಬಗ್ಗೆ ಹೇಳದಿದ್ದರೆ ಈ ಪೆಟ್ಟಿಗೆಯ ಪಾಪ ನಿಮಗೆ ತಿಳಿಯುವುದಿಲ್ಲ. ನಮ್ಮ ಕಡೆ ಮದುವೆಯ ಸಂಜೆ ಉರುಟಣಿ ಮಾಡುತ್ತಾರೆ. ಮದುಮಕ್ಕಳನ್ನು ಎದುರುಬದುರು ಕೂರಿಸಿ ಅರಿಶಿನ ಹಚ್ಚಿಸಿ, ಹೆಂಗಸರು ಹಾಡಿನಲ್ಲೇ ಇಬ್ಬರ ಮಾನವನ್ನೂ ಹರಾಜು ಹಾಕುವ ಶಾಸ್ತ್ರ. ಅಂಬಕ್ಕ ಅದರಲ್ಲಿ ಎತ್ತಿದ ಕೈ. ವನಮಾಲಾ ಸಣ್ಣವಳಿದ್ದಾಗ ಓಣಿಯ ಹುಡುಗರು ಅವಳ ನಡಿಗೆಯನ್ನು ಅಣಕಿಸಿದರಂತೆ. ಹುಡುಗಿ ಅಳುತ್ತಾ ಬಂದು ಇನ್ನು ಹೊರಗೆ ಹೋಗುವುದಿಲ್ಲ ಎಂದು ಮೂಲೆ ಹಿಡಿದಳಂತೆ. ಅಂಬಕ್ಕ ಸಮಾಧಾನ ಹೇಳಲಿಲ್ಲ. ಮಗಳನ್ನು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಸಿ, ಅದೇ ನಡಿಗೆಗೆ ಒಂದು ಉರುಟಣಿ ಹಾಡು ಕಟ್ಟಿಬಿಟ್ಟರು. ಅಳಿಯನ ಮೂಗು, ಅಳಿಯನ ಜುಟ್ಟು, ಅಳಿಯನ ಊರಿನ ನೀರು ಎಲ್ಲವನ್ನೂ ಜಾಡಿಸಿ, ಕೊನೆಯ ಸಾಲಿನಲ್ಲಿ ನಮ್ಮ ಹುಡುಗಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತೀಯೇನು ಎಂದು ಕೇಳುವ ಹಾಡು. ಅಳಿಯ ಬಾಯಲ್ಲಿ ಉತ್ತರ ಹೇಳುವಂತಿಲ್ಲ. ಎದ್ದು, ಅವಳ ಕೈ ಹಿಡಿದು, ಹಾಡಿನ ನಡೆಗೆ ಸರಿಯಾಗಿ ದೀಪದ ಸುತ್ತ ನಡೆಯಬೇಕು. ಇದನ್ನು ನಿನ್ನ ಲಗ್ನದಲ್ಲೇ ಹಾಡುತ್ತೇನೆ, ಅಲ್ಲಿಯತನಕ ಯಾರ ಮದುವೆಯಲ್ಲೂ ಹಾಡುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದರು. ವನಮಾಲಾ ಆ ಮಾತನ್ನು ನಂಬಿ ಹೊರಗೆ ನಡೆಯಲು ಶುರುಮಾಡಿದಳು. ಊರೆಲ್ಲ ಅವಳಂತೆ ನಡೆಯುವ ಒಂದು ದಿನ ಬರುತ್ತದೆ ಎಂದು ಅವಳ ಲೆಕ್ಕ.

ಎಂಬತ್ತರ ದಶಕ ಬಂತು, ಜೊತೆಗೆ ಪೆಟ್ಟಿಗೆಯೂ ಬಂತು. ಚಾಂದಪಾಷಾನ ಭಾವಮೈದುನ ದುಬೈಯಲ್ಲಿದ್ದ. ಬೇರೆಯವರ ಭಾವಮೈದುನರು ಅತ್ತರು, ಕಂಬಳಿ, ಟೇಪ್‌ರೆಕಾರ್ಡರ್ ತಂದರೆ ಇವನು ತಾಳ ಬಾರಿಸುವ ಪೆಟ್ಟಿಗೆ ತಂದ. ಕಬ್ಬಿಣದ ಟ್ರಂಕಿನ ಮಗುವಿನಷ್ಟು ದೊಡ್ಡದು, ಮುಂದೆ ಸಾಲಾಗಿ ಗುಂಡಿಗಳು. ರುಂಬಾ, ವಾಲ್ಟ್ಜ್, ಮಾರ್ಚ್, ಫಾಕ್ಸ್‌ಟ್ರಾಟ್, ಬೊಸ್ಸಾನೋವಾ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇವು ಯಾವ ದೇಶದ ತಿಂಡಿಗಳೋ ನಮಗೆ ತಿಳಿಯಲಿಲ್ಲ. ಚಾಂದಪಾಷಾ ವಾರವಿಡೀ ಒಂದೊಂದನ್ನೇ ಒತ್ತಿ ಕೇಳಿ, ಚಪ್ಪಲಿಗೆ ಬೆಲೆ ಚೀಟಿ ಅಂಟಿಸುವ ಹಾಗೆ ಪ್ರತಿ ಗುಂಡಿಯ ಮೇಲೂ ಚೀಟಿ ಅಂಟಿಸಿದ. ರುಂಬಾ ಎಂದರೆ 'ಶಾದಿ'. ವಾಲ್ಟ್ಜ್ ಎಂದರೆ 'ಆರತಿ'. ಮಾರ್ಚ್ ಎಂದರೆ 'ಆಗಸ್ಟ್ ಪಂದ್ರಾ', ಸ್ವಾತಂತ್ರ್ಯದ ದಿನಕ್ಕೆ. ಫಾಕ್ಸ್‌ಟ್ರಾಟ್ 'ಎಮ್ಮೆಲ್ಲೆ ಬರುವಾಗ'. ಬೊಸ್ಸಾನೋವಾಕ್ಕೆ ಬಹಳ ಯೋಚಿಸಿ 'ಊಟ ನಡೆದಾಗ' ಎಂದು ಬರೆದ. ಇಂದಿಗೂ ಆ ತಾಳ ಕೇಳಿದರೆ ನನ್ನ ಬಾಯಲ್ಲಿ ನೀರೂರುತ್ತದೆ.

ಯಂತ್ರ ಬಂದು ಕಲಾವಿದನ ಕೆಲಸ ಕಿತ್ತುಕೊಳ್ಳುತ್ತದೆ ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ನಮ್ಮಲ್ಲಿ ಹಾಗಾಗಲಿಲ್ಲ, ಕಲಾವಿದನೇ ಕೆಲಸವನ್ನು ಎತ್ತಿ ಯಂತ್ರಕ್ಕೆ ಕೊಟ್ಟು ಕೈ ಕೊಡವಿಕೊಂಡ. "ಕೈ ದುಡಿಯೋ ಕಾಲ ಮುಗೀತ್ರಿ ಸಾಬ್. ಇನ್ನ ಬರೇ ಬೆರಳು," ಎಂದು ಚಾಂದಪಾಷಾ ತೋರುಬೆರಳು ಎತ್ತಿ ತೋರಿಸಿದ. ವೇದಿಕೆಯ ಮೇಲೆ ಮೊದಲೆಲ್ಲ ಬೆವರಿ ಒದ್ದೆಯಾಗುವ ತನಕ ಬಾರಿಸುತ್ತಿದ್ದವನು ಈಗ ಕೋಟು ತೊಟ್ಟು ಪೆಟ್ಟಿಗೆಯ ಪಕ್ಕ ಕೂತು, ಒಮ್ಮೆ ಗುಂಡಿ ಒತ್ತಿ, ಹಾಡು ಮುಗಿಯುವವರೆಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಚಪ್ಪಾಳೆ ಬಿದ್ದರೆ ಎದ್ದು ಸಲಾಮು ಮಾಡುತ್ತಿದ್ದವನೂ ಅವನೇ. ತಬಲಾ ಅಂಗಡಿಯಲ್ಲಿ ಚಪ್ಪಲಿ ಡಬ್ಬಿಗಳ ಕೆಳಗೆ ಸೇರಿತು.

ಪೆಟ್ಟಿಗೆಯ ಗುಣಗಳನ್ನು ನ್ಯಾಯವಾಗಿ ಹೇಳಬೇಕು, ಪಲ್ಲವಿ ಬರೆದುಕೊಳ್ಳುತ್ತಿದ್ದಾಳೆ. ಅದು ತಡವಾಗಿ ಬರುತ್ತಿರಲಿಲ್ಲ, ತರುವವನು ತಡ ಮಾಡಿದರೆ ಅದರ ತಪ್ಪಲ್ಲ. ಕೆಟ್ಟರೆ ತಲೆಯ ಮೇಲೆ ಒಂದು ಕೊಟ್ಟರೆ ಸರಿಹೋಗುತ್ತಿತ್ತು. ಲ್ಯಾಪ್‌ಟಾಪಿಗೆ ಹಾಗೆ ಕೊಡಲು ಯಾರಿಗೂ ಧೈರ್ಯವಿಲ್ಲ. ದೋಷ ಒಂದೇ, ಅದು ನಮ್ಮೂರಿನ ಕರೆಂಟನ್ನು ನಂಬಿತ್ತು. ದೇವದುರ್ಗದಲ್ಲಿ ಗಣಪತಿ ಕೂರಿಸಿದಾಗ ಒಂದು ಕಾರ್ಯಕ್ರಮ. ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ. ಗಿರಣಿ ಶುರುವಾದೊಡನೆ ವೋಲ್ಟೇಜು ಇಳಿಯಿತು, ಪೆಟ್ಟಿಗೆಯ ನಡೆಯೂ ಇಳಿಯಿತು. ವೆಂಕಣ್ಣಾಚಾರ್ ಒಂದು ಪದವನ್ನು ಎಳೆದು ಎಳೆದು, ಉಸಿರು ಸಾಲದೆ ನಡುವೆ ನೀರು ಕುಡಿದು ಹಾಡಿದರು. ಜೋಳ ಬೀಸಿ ಮುಗಿಯಿತೋ ಏನೋ, ಗಿರಣಿ ಫಕ್ಕನೆ ನಿಂತಿತು. ಪೆಟ್ಟಿಗೆ ಲಗಾಮು ಹರಿದಂತೆ ಓಡಿತು. ಹಿಂದೆ ಬೀಳಲು ಒಪ್ಪದ ವೆಂಕಣ್ಣಾಚಾರ್ ಉಳಿದ ಮೂರು ನುಡಿಗಳನ್ನು ಮಗ್ಗಿ ಹೇಳುವ ವೇಗದಲ್ಲಿ ಹಾಡಿ ಮುಗಿಸಿದರು. ಮರುದಿನ ಹೆಡ್‌ಮಾಸ್ತರರು ಅವರನ್ನು ಕರೆದು, ಈ ಹೊಸ ಪದ್ಧತಿಯ ಗಾಯನ ಬಹಳ ಕಷ್ಟದ್ದು ಇರಬೇಕು ಎಂದು ಹೊಗಳಿದರಂತೆ.

ಇನ್ನೊಂದು ದೋಷವೂ ಇತ್ತು, ಅದು ಆಗ ಯಾರ ಗಮನಕ್ಕೂ ಬರಲಿಲ್ಲ. ಪೆಟ್ಟಿಗೆಗೆ ಮೂರು ಬರುತ್ತಿತ್ತು, ನಾಲ್ಕು ಬರುತ್ತಿತ್ತು, ಎಂಟು ಬರುತ್ತಿತ್ತು. ಏಳು ಬರುತ್ತಿರಲಿಲ್ಲ. ಏಳು ಮಾತ್ರೆಯಲ್ಲಿ ನಡೆಯುವವರು ಎಲ್ಲಾದರೂ ಇರಬಹುದು ಎಂದು ಅದನ್ನು ಮಾಡಿದವರಿಗೆ ಯಾರೂ ಹೇಳಿರಲಿಲ್ಲ.

ನನ್ನ ಮದುವೆ ಗೊತ್ತಾದದ್ದು ಆ ಹೊತ್ತಿನಲ್ಲಿ. ವೆಂಕಣ್ಣಾಚಾರ್ ದೇವದುರ್ಗದಲ್ಲಿ ಇದ್ದುದರಿಂದ ಅಲ್ಲಿಯೇ ಮದುವೆ. ಉರುಟಣಿಗೆ ನಮ್ಮ ಪಾರ್ಟಿಯದೇ ಸಂಗೀತ, ವರ ಒಬ್ಬನನ್ನು ಬಿಟ್ಟು. ಅಂಬಕ್ಕ ಬಸ್ಸು ಹಿಡಿದು ರಾಯಚೂರಿಗೆ ಬಂದು, ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನಮ್ಮ ವನಿಯ ಹಾಡಿಗೆ ತಬಲಾ ಬೇಕೇಬೇಕು ಎಂದು ಚಾಂದಪಾಷಾನಿಗೆ ಹೇಳಿ ಹೋದರು. ಅವನಿಗೆ ಅಂಬಕ್ಕನ ಮೇಲೆ ಬಹಳ ಪ್ರೀತಿ. ಡಬ್ಬಿಗಳನ್ನು ಸರಿಸಿ ತಬಲಾ ತೆಗೆದು, ಒರೆಸಿ, ವಾರವೆಲ್ಲ ಕೈ ಆಡಿಸಿ ತಯಾರಾದ. ಆದರೆ ವೆಂಕಣ್ಣಾಚಾರ್ ತಹಸೀಲ್ದಾರರಿಂದ ಹಿಡಿದು ಪೋಸ್ಟ್‌ಮಾಸ್ತರರವರೆಗೆ ಎಲ್ಲರನ್ನೂ ಪೆಟ್ಟಿಗೆ ನೋಡಲೆಂದೇ ಕರೆದಿದ್ದರು. ತಂಗಿಯ ಲಗ್ನದಲ್ಲಿ ತಬಲಾ ಕೂರಿಸಿದರೆ ಊರಲ್ಲಿ ತಲೆ ಎತ್ತುವುದು ಹೇಗೆ ಎಂದು ಅವರ ಸಂಕಟ.

ಕೊನೆಗೆ ಮಾಸ್ತರರೇ ಒಂದು ರಾಜಿ ಸೂತ್ರ ಕಂಡುಹಿಡಿದರು. ದೇವದುರ್ಗದಲ್ಲಿ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಗುತ್ತದೆ. ಮಳೆ ಇರಲಿ, ಬಿಸಿಲಿರಲಿ, ಹಬ್ಬವಿರಲಿ, ಅದು ತಪ್ಪಿದ್ದಿಲ್ಲ, ಜನ ಅದನ್ನು ನೋಡಿಯೇ ಸಂಧ್ಯಾವಂದನೆಗೆ ಕೂರುತ್ತಿದ್ದರು. ಕರೆಂಟು ಇರುವವರೆಗೆ ಪೆಟ್ಟಿಗೆ, ಹೋದಮೇಲೆ ತಬಲಾ. ಅಂಬಕ್ಕನ ಹಾಡನ್ನು ಸರಿಯಾಗಿ ಆ ಹೊತ್ತಿಗೆ ಇಟ್ಟುಕೊಂಡರೆ ಇಬ್ಬರ ಮಾತೂ ಉಳಿಯುತ್ತದೆ. ಎಲ್ಲರೂ ಒಪ್ಪಿದರು. ಒಂದು ಹುಡುಗಿ ಸಣ್ಣಂದಿನಿಂದ ಕಾಯ್ದ ಹಾಡನ್ನು ವಿದ್ಯುತ್ ಇಲಾಖೆಯ ನಿಷ್ಠೆಯ ಮೇಲೆ ಬಿಟ್ಟು ನಾವೆಲ್ಲ ನಿಶ್ಚಿಂತರಾದೆವು.

ಆ ಸಂಜೆ ದೇವದುರ್ಗದಲ್ಲಿ ಕರೆಂಟು ಹೋಗಲಿಲ್ಲ.

ಯಾರೋ ದೊಡ್ಡವರು ಪ್ರವಾಸಿ ಮಂದಿರದಲ್ಲಿ ಇಳಿದಿದ್ದರೆಂದು ಆಮೇಲೆ ತಿಳಿಯಿತು. ಅರಿಶಿನ ಮೆತ್ತಿಕೊಂಡು ಕೂತ ನಾನು ತಲೆಯ ಮೇಲಿನ ಬಲ್ಬನ್ನೇ ನೋಡುತ್ತಿದ್ದೆ. ಎದುರಿಗೆ ವನಮಾಲಾ ಕೂಡ ಬಲ್ಬನ್ನೇ ನೋಡುತ್ತಿದ್ದಳು. ಮದುಮಕ್ಕಳು ಒಬ್ಬರನ್ನೊಬ್ಬರು ನೋಡಲು ನಾಚುತ್ತಿದ್ದಾರೆ ಎಂದು ಹೆಂಗಸರು ಹಾಡಿನಲ್ಲಿ ಹಾಸ್ಯ ಮಾಡಿದರು. ಚಾಂದಪಾಷಾ ತಬಲಾದ ಗವಸು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದ. ಅಂಬಕ್ಕ ತಮಗೆ ಗೊತ್ತಿದ್ದ ಹಾಡನ್ನೆಲ್ಲ ಹಾಡಿ, ಗೊತ್ತಿಲ್ಲದ್ದನ್ನೂ ಹಾಡಿ, ನೀರು ಕುಡಿದು, ಎರಡು ಸಲ ಸೆರಗು ಸರಿಮಾಡಿಕೊಂಡರು. ಬಲ್ಬು ಎಂದೂ ಇಲ್ಲದಷ್ಟು ಬೆಳ್ಳಗೆ ಉರಿಯಿತು. ತಹಸೀಲ್ದಾರರು ಗಡಿಯಾರ ನೋಡಿಕೊಂಡರು. ವೆಂಕಣ್ಣಾಚಾರ್ ಸನ್ನೆ ಮಾಡಿದರು. ಚಾಂದಪಾಷಾ ಕಣ್ಣು ತಗ್ಗಿಸಿ 'ಶಾದಿ' ಗುಂಡಿ ಒತ್ತಿದ.

ಅಂಬಕ್ಕ ಏಳರಲ್ಲಿ ಎತ್ತಿಕೊಂಡರು, ಪೆಟ್ಟಿಗೆ ಎಂಟರಲ್ಲಿ ಹೊರಟಿತು. ಮೊದಲ ಸಾಲಿನ ಕೊನೆಗೆ ಒಂದು ಮಾತ್ರೆ ಅಂತರ, ಎರಡನೆಯದರಲ್ಲಿ ಎರಡು. ಮೂರನೆಯ ಸಾಲಿಗೆ ಅಂಬಕ್ಕ ಒಂದೂರಿನಲ್ಲಿ, ಪೆಟ್ಟಿಗೆ ಇನ್ನೊಂದೂರಿನಲ್ಲಿ. ಗಣಿತದ ಮಾಸ್ತರರು ಬೆರಳು ಮಡಿಚಿ ಲೆಕ್ಕ ಹಾಕಿ ಕ್ಷಣದಲ್ಲಿ ಪರಿಹಾರ ಕೊಟ್ಟರು. ಪ್ರತಿ ಸಾಲಿನ ಕೊನೆಗೆ ಒಂದು 'ಹೌದ್ರಿ' ಸೇರಿಸಿದರೆ ಏಳು ಎಂಟಾಗುತ್ತದೆ! ತಾವೇ ಕೂಗಿಯೂ ತೋರಿಸಿದರು. ಹೆಂಗಸರಿಗೆ ಅದು ಬಹಳ ಹಿಡಿಸಿತು. ಅಳಿಯನ ಮೂಗು ಹಾಗೆ, ಹೌದ್ರಿ. ಅಳಿಯನ ಜುಟ್ಟು ಹೀಗೆ, ಹೌದ್ರಿ. ಮಂಟಪವೆಲ್ಲ ನಕ್ಕಿತು, ತಹಸೀಲ್ದಾರರು ತೊಡೆ ತಟ್ಟಿದರು. ಅಂಬಕ್ಕನ ದನಿ ಆ ಗದ್ದಲದ ಒಳಗೆ ಎಲ್ಲೋ ಇತ್ತು.

ಕೊನೆಯ ಸಾಲು ಬಂತು. ನಾವಿಬ್ಬರೂ ಎದ್ದು ದೀಪದ ಸುತ್ತ ನಡೆದೆವು. ಪೆಟ್ಟಿಗೆಯ ಹೆಜ್ಜೆ ಎರಡೂ ಒಂದೇ ಅಳತೆಯವು. ವನಮಾಲಾ ತುಟಿ ಕಚ್ಚಿ, ಸೀರೆಯ ನೆರಿಗೆ ಹಿಡಿದು, ಎಡಗಾಲನ್ನು ಎಳೆದೆಳೆದು ಆ ತಾಳಕ್ಕೆ ಮುಟ್ಟಿಸುತ್ತಿದ್ದಳು. ಅವಳಿಗಾಗಿ ಕಟ್ಟಿದ ಹಾಡಿನ ಹಿಂದೆ ಅವಳೇ ಓಡಬೇಕಾಯಿತು. ನನಗೆ ಸಿಟ್ಟು ಬಂತು, ಅಳುವೂ ಬಂತು. ಮುಖದ ತುಂಬ ಅರಿಶಿನವಿದ್ದುದರಿಂದ ಎರಡೂ ಯಾರಿಗೂ ಕಾಣಲಿಲ್ಲ. ಸುತ್ತು ಮುಗಿಸಿ ಕೂತಾಗ ಅವಳು ನನ್ನ ಹೆಂಡತಿಯಾಗಿ ಮೊದಲ ಮಾತು ಆಡಿದಳು.

"ಡಾಕ್ಟರಿಗೆ ಆಗದ್ದು ನಿಮ್ಮ ಡಬ್ಬಿ ಮಾಡ್ತು ನೋಡ್ರಿ. ನನ್ನ ಕಾಲು ನೆಟ್ಟಗ ಆತು."

ನಗುತ್ತಲೇ ಹೇಳಿದಳು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ನಮ್ಮ ಕಾಲದ ಸಾಫ್ಟ್‌ವೇರ್, ಅಂದರೆ ಕ್ಯಾಸೆಟ್ಟು, ಹುಟ್ಟಿದ್ದು ಆ ಸಂಜೆಯೇ. ಯಾರೋ ಉರುಟಣಿಯನ್ನು ಟೇಪಿನಲ್ಲಿ ಹಿಡಿದಿದ್ದರು. ಕ್ಯಾಸೆಟ್ಟಿಗೆ ಮರಿಯಾಗಿ, ಮರಿಗೆ ಮರಿಯಾಗಿ, ಅದು ಮಾನ್ವಿಗೆ ಹೋಯಿತು, ಬಾಗಲವಾಡಕ್ಕೆ ಹೋಯಿತು, ಹೊಳೆದಂಡೆಯ ಗೂಗಲ್ ಎಂಬ ಹಳ್ಳಿಗೂ ಹೋಯಿತು. ಎಲ್ಲ ಮದುವೆಗಳಲ್ಲೂ 'ಹೌದ್ರಿ' ಹಾಡು ಬೇಕು ಎನ್ನತೊಡಗಿದರು. ಅಂಬಕ್ಕ ಕೇಳಿದವರಿಗೆಲ್ಲ ಅದು ತನ್ನ ಹಾಡಲ್ಲ, ತನ್ನ ಹಾಡಿಗೆ ಬಾಲವಿಲ್ಲ ಎಂದು ಹೇಳಿ ಹೇಳಿ ಸುಸ್ತಾದರು. ಕೆಲವರು ಅವರನ್ನೇ ತಿದ್ದಿದರು. ಮುದುಕಿಗೆ ಮರೆವು, ಪಾಪ, ಹೌದ್ರಿ ಬಿಟ್ಟುಬಿಡ್ತಾಳೆ ಎಂದರು. ಮುಂದೆ ಎಷ್ಟೋ ಸಲ ಅವರು ಅಡುಗೆಮನೆಯಲ್ಲಿ ಮಗಳೊಬ್ಬಳಿಗೇ ಕೇಳುವಂತೆ ಏಳರಲ್ಲಿ ಹಾಡಿದ್ದನ್ನು ನಾನು ಹೊರಗಿನಿಂದ ಕೇಳಿದ್ದೇನೆ. ಅವರು ಹೋದಮೇಲೆ ಅದೂ ನಿಂತಿತು.

ವೆಂಕಣ್ಣಾಚಾರ್ರಿಗೆ ಕ್ಯಾಸೆಟ್ಟಿನಿಂದ ಹೊಸ ಬುದ್ಧಿ ಹುಟ್ಟಿತು. ಪೆಟ್ಟಿಗೆಯ ಸದ್ದನ್ನೇ ಟೇಪಿನಲ್ಲಿ ಹಿಡಿದಿಟ್ಟುಕೊಂಡರೆ ಪೆಟ್ಟಿಗೆ ಯಾಕೆ, ಅದನ್ನು ಹೊತ್ತು ತಡವಾಗಿ ಬರುವ ಚಾಂದಪಾಷಾ ಯಾಕೆ? ಅಲ್ಲಿಗೆ ಪಾರ್ಟಿ ಇಬ್ಭಾಗವಾಯಿತು. ಪಲ್ಲವಿಯ ಗೆಳೆಯರು ಈಗ ಆಡುವ ಮಾತನ್ನೆಲ್ಲ ಅವರಿಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆಗಲೇ ಆಡಿದ್ದರು. ಪೆಟ್ಟಿಗೆಗೆ ಮುಖವಿದೆ, ಬೈಯಬಹುದು, ನಡುವೆ ನಿಲ್ಲಿಸಬಹುದು ಎಂದು ಚಾಂದಪಾಷಾ. ಕ್ಯಾಸೆಟ್ಟು ಜೇಬಿನಲ್ಲಿ ಹಿಡಿಯುತ್ತದೆ, ಎಲೆ ಅಡಿಕೆ ಕೇಳುವುದಿಲ್ಲ ಎಂದು ಮಾಸ್ತರರು. ಮಾಸ್ತರರದು ನ್ಯೂ ದೋಆಬ್ ಆಗಿಯೇ ಉಳಿಯಿತು, ಚಾಂದಪಾಷಾನದು 'ಒರಿಜ್ನಲ್ ನ್ಯೂ ದೋಆಬ್' ಆಯಿತು. ಬ್ಯಾಟರಿ ಸೋತಾಗ ಕ್ಯಾಸೆಟ್ಟು ತಾಳದ ಜೊತೆಗೆ ಶ್ರುತಿಯನ್ನೂ ಇಳಿಸುತ್ತಿತ್ತು. ಮಾಸ್ತರರು ಕೊನೆಕೊನೆಗೆ ಎಮ್ಮೆಯ ದನಿಯಲ್ಲಿ ಹಾಡುವುದನ್ನೂ ಅಭ್ಯಾಸ ಮಾಡಿಕೊಂಡರು. ಎರಡೂ ಪಾರ್ಟಿಗಳು ತಮ್ಮ ತಮ್ಮ ಯಂತ್ರದ ಜೊತೆ ಸುಖವಾಗಿದ್ದು, ಕೇಳುವವರಿಲ್ಲದೆ ಮುಗಿದವು. ನಾನು ಎರಡರಲ್ಲೂ ಇರಲಿಲ್ಲ. ಮನೆಗೆ ಹೋಗುವುದು ಹೆಚ್ಚು ಇಷ್ಟವಾಗಿತ್ತು.

ಚಾಂದಪಾಷಾ ಅಂಗಡಿ ಮುಚ್ಚುವಾಗ ಪೆಟ್ಟಿಗೆಯನ್ನು ತಾನೇ ಹೊತ್ತು ನಮ್ಮನೆಗೆ ತಂದ. ಅವತ್ತು ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. "ಇದು ಭಾಬೀಗ ಇರ್ಲಿ ಸಾಬ್. ಏಳು ಕಲಿಸಾಕ ನನ್ನಿಂದ ಆಗಲಿಲ್ಲ," ಎಂದ. ವನಮಾಲಾ ಅವನಿಗೆ ಚಹಾ ಕೊಟ್ಟಳು, ಪೆಟ್ಟಿಗೆಯನ್ನು ಅಟ್ಟಕ್ಕೆ ಕಳಿಸಿದಳು.

ಮನೆಯಲ್ಲಿ ನನಗೆ ಬೇರೆ ತಾಳ ಬೇಕಿರಲಿಲ್ಲ. ಅವಳು ಯಾವ ಕೋಣೆಯಲ್ಲಿದ್ದಾಳೆ, ಸಿಟ್ಟಿನಲ್ಲಿದ್ದಾಳೋ ಸಮಾಧಾನದಲ್ಲಿದ್ದಾಳೋ ಎಲ್ಲವನ್ನೂ ಹೆಜ್ಜೆಯೇ ಹೇಳುತ್ತಿತ್ತು. ಸಕ್ಕರೆ ಕಾಯಿಲೆ ಬಂದಮೇಲಂತೂ ಅದು ನನ್ನ ಪ್ರಾಣ ಕಾಯಿತು. ಮೂರು, ನಾಲ್ಕು ಕೇಳಿಸಿದ ಕೂಡಲೇ ಉಂಡಿ ಗಾದಿಯ ಕೆಳಗೆ ಹೋಗುತ್ತಿತ್ತು. ಆದರೆ ಮೂರು ವರ್ಷದ ಹಿಂದೆ ಅವಳ ಸೊಂಟದ ಕೀಲು ಸವೆದು ಆಪರೇಷನ್ ಆಯಿತು. ಡಾಕ್ಟರು ಹೊಸ ಕೀಲು ಹಾಕಿ, ಹಾಗೆಯೇ ಕಾಲಿನ ಉದ್ದವನ್ನೂ ಸರಿಮಾಡಿ, ತಮ್ಮ ಕೆಲಸಕ್ಕೆ ತಾವೇ ಬೆರಗಾದರು. ಅಂದಿನಿಂದ ಅವಳು ಎಲ್ಲರ ಹಾಗೆ ನಡೆಯುತ್ತಾಳೆ. ನೋವಿಲ್ಲ, ಅದಕ್ಕೆ ನಾನು ದೇವರಿಗೆ ಕೈ ಮುಗಿದಿದ್ದೇನೆ. ಆದರೆ ಬರುವುದು ಗೊತ್ತಾಗುವುದಿಲ್ಲ. ಎಷ್ಟು ಸಲ ಸಿಕ್ಕಿಬಿದ್ದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಅವಳೇ, "ನಾ ಬಂದೆ ಅಂತ ಯಾರಿಗೂ ಕೇಳ್ಸೂದೇ ಇಲ್ಲ ಈಗ," ಎಂದು ಕಿಟಕಿಯ ಕಡೆ ನೋಡುತ್ತಾ ಹೇಳಿದ್ದಳು.

ಇಷ್ಟು ಹೇಳುವ ಹೊತ್ತಿಗೆ ಪೆಟ್ಟಿಗೆಯಿಂದ ವೈರು ಸುಟ್ಟ ವಾಸನೆ ಬಂದು, ಅದು ಒಮ್ಮೆ ಕೆಮ್ಮಿ ನಿಂತಿತು. ತಲೆಯ ಮೇಲೆ ಕೊಟ್ಟೆ. ಏಳಲಿಲ್ಲ. ಪಲ್ಲವಿ ಬರೆಯುವುದನ್ನು ಎಂದೋ ಬಿಟ್ಟಿದ್ದಳು. "ಹೌದ್ರಿ ಹಾಡು ಮುತ್ತಜ್ಜೀದಾ?" ಎಂದು ಕೇಳಿದಳು. ಯಾವುದೋ ಮದುವೆಯ ವಿಡಿಯೊದಲ್ಲಿ ಕೇಳಿ ತುಂಬ ಇಷ್ಟಪಟ್ಟಿದ್ದಳಂತೆ. ಜಾನಪದ ಎಂದು ಬರೆದಿದ್ದರಂತೆ.

ಲ್ಯಾಪ್‌ಟಾಪು ತೆರೆದು ಅವಳು ಏಳು ಎಂದು ಹೊಡೆದಳು. ಅಷ್ಟೇ. ನಮ್ಮ ಪಾರ್ಟಿ, ಗಣಿತದ ಮಾಸ್ತರರು, ತಹಸೀಲ್ದಾರರು ಎಲ್ಲ ಸೇರಿ ಮಾಡಲಾಗದ್ದು ಎರಡು ಬೆರಳಿನಲ್ಲಿ ಆಗಿಹೋಯಿತು. ಆದರೆ ಅದು ಬರೀ ಏಳು, ಯಾರದ್ದೂ ಅಲ್ಲ. ಮೂರರ ಮೇಲೆ ಇನ್ನೂ ಸ್ವಲ್ಪ ಭಾರ ಬೇಕು ಎಂದೆ. ಅವಳು ಭಾರ ಹಾಕಿದಳು. ನಾಲ್ಕು ಒಂದು ಕೂದಲಿನಷ್ಟು ತಡವಾಗಿ ಬರಬೇಕು ಎಂದೆ. ತಡ ಮಾಡಿದಳು. ಇನ್ನೂ ಒಂದಿಷ್ಟು, ಆಮೇಲೆ ನೆಲ ತುಸು ಸವರಿದ ಸದ್ದು. ಅದನ್ನೂ ಎಲ್ಲಿಂದಲೋ ಹುಡುಕಿ ತಂದಳು. "ಇನ್ನ ಕೇಳ್ರಿ," ಎಂದು ಸ್ಪೀಕರಿಗೆ ಜೋಡಿಸಿದಳು.

ಮೂರು, ನಾಲ್ಕು. ಮೂರು, ನಾಲ್ಕು.

ನನ್ನ ಎಡಗೈ ತಾನಾಗಿಯೇ ಉಂಡಿಯನ್ನು ಗಾದಿಯ ಕೆಳಗೆ ತುರುಕಿತು. ಮುಖದ ಮೇಲೆ ನಿರಪರಾಧಿಯ ನಗು ಬಂತು. ಎಲ್ಲ ಹಳೆಯ ಅಭ್ಯಾಸ. ತಿರುಗಿದರೆ ವನಮಾಲಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಗಾದಿಯ ಕಡೆ ನೋಡಲೇ ಇಲ್ಲ. ಸ್ಪೀಕರಿನ ಕಡೆ ನೋಡುತ್ತಿದ್ದಳು, ಬಹಳ ವರ್ಷ ಕಾಣದ ಒಬ್ಬರು ಮನೆಗೆ ಬಂದಂತೆ.

"ಇದು ನಾನು," ಎಂದಳು.

ಸೌಟನ್ನು ಪಲ್ಲವಿಯ ಕೈಗೆ ಕೊಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ತಾಯಿಯ ಹಾಡು ಎತ್ತಿಕೊಂಡಳು. ಮೂಗು, ಜುಟ್ಟು, ಊರಿನ ನೀರು, ಒಂದನ್ನೂ ಬಿಡಲಿಲ್ಲ. ದನಿ ನಡುಗುತ್ತಿತ್ತು, ತಾಳ ನಡುಗಲಿಲ್ಲ. ಕೊನೆಯ ಸಾಲಿಗೆ ಬಂದು, ನಮ್ಮ ಹುಡುಗಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತೀಯೇನು ಎಂದು ಕೇಳುತ್ತಾ ನನ್ನ ಕಡೆ ಕೈ ಚಾಚಿದಳು. ನಾನು ಎದ್ದೆ. ಹಾಳಾದ ಬಲಮಂಡಿಯಿಂದಾಗಿ ಈಗ ನಾನೇ ಒಂದು ಕಾಲಿಗೆ ಮೂರು, ಒಂದು ಕಾಲಿಗೆ ನಾಲ್ಕು ನಡೆಯುವವನು. ಅವಳು ನೆಟ್ಟಗಿನ ತನ್ನ ಹೊಸ ಕಾಲನ್ನು ನನಗಾಗಿ ತಡೆದು ತಡೆದು ಇಟ್ಟಳು.

ಹೌದ್ರಿ ಎನ್ನಬೇಕೆಂದು ನನ್ನ ಬಾಯಿ ತೆರೆಯಿತು. ಆ ಹಾಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾನು ಸುಮ್ಮನೆ ಅವಳ ಕೈ ಹಿಡಿದು ನಡೆದೆ.